ಮಂಡಿ ರಿಫ್ಲೆಕ್ಸ್ ಬರ್ತಿಲ್ಲ ಅಂದರೆ ಮೊದಲು ತೊಡೆ ನೋಡಿ

ಪ್ರಾಕ್ಟಿಕಲ್‌ನಲ್ಲಿ ಮಂಡಿ ರಿಫ್ಲೆಕ್ಸ್ (ಮಂಡಿಯ ಕೆಳಗೆ ತಟ್ಟಿದಾಗ ಕಾಲು ತಾನಾಗಿ ಮುಂದಕ್ಕೆ ಹಾರುವುದು) ನೋಡಲು ಸುತ್ತಿಗೆಯಿಂದ ಎಷ್ಟು ತಟ್ಟಿದರೂ ಗೆಳತಿಯ ಕಾಲು ಅಲುಗಾಡುತ್ತಿಲ್ಲ ಅಂದಿದ್ದೀರಿ. ಆರೋಗ್ಯವಾಗಿರುವವರಲ್ಲಿ ಹೀಗಾದರೆ ಹೆಚ್ಚಾಗಿ ತೊಡೆ ಬಿಗಿ ಹಿಡಿದಿರುತ್ತಾರೆ, ಇಲ್ಲವೇ ಏಟು ಮಂಡಿಚಿಪ್ಪಿನ ಮೇಲೆ ಬೀಳುತ್ತಿರುತ್ತದೆ.

ಮೊದಲು ಮಂಚದ ಅಂಚಿನಲ್ಲಿ ಕೂರಿಸಿ, ಪಾದ ನೆಲಕ್ಕೆ ತಾಗಬಾರದು. ಆಮೇಲೆ ಚಿಪ್ಪಿನಿಂದ ಕೆಳಕ್ಕೆ ಬೆರಳಲ್ಲಿ ಒತ್ತುತ್ತಾ ಹೋಗಿ, ಗಟ್ಟಿ ಮೂಳೆ ಮುಗಿದು ಕೆಳಗಾಲಿನ ಮೂಳೆ ಶುರುವಾಗುವ ಮುಂಚೆ ದಪ್ಪ ಹಗ್ಗದ ತರ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಸಿಗುತ್ತದಲ್ಲ, ತಟ್ಟಬೇಕಾದದ್ದು ಅಲ್ಲೇ. ಸುತ್ತಿಗೆಯನ್ನು ಹಿಡಿಯ ತುದಿಯಲ್ಲಿ ಸಡಿಲವಾಗಿ ಹಿಡಿದು ಅದರ ತೂಕಕ್ಕೇ ಬೀಳಲು ಬಿಡಿ, ಜೋರು ಬೇಡ. ಇನ್ನೊಂದು ಕೈ ತೊಡೆಯ ಮೇಲಿರಲಿ. ಕಾಲು ಹಾರದಿದ್ದರೂ ಸ್ನಾಯು ಸೆಟೆದದ್ದು ಅಂಗೈಗೆ ಗೊತ್ತಾಗುತ್ತದೆ, ಅದೂ ಲೆಕ್ಕಕ್ಕೇ.

ಆಗಲೂ ಬರಲಿಲ್ವಾ? ಎರಡೂ ಕೈಗಳ ಬೆರಳುಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ಜೋರಾಗಿ ಎಳೆಯಲು ಹೇಳಿ, ಎಳೆಯುವಾಗಲೇ ತಟ್ಟಿ. ಇದೇ ಜೆಂಡ್ರಾಸಿಕ್ ವಿಧಾನ. ಹೀಗೆ ಮಾಡಿದಾಗ ಮಾತ್ರ ಬಂದರೆ ಹಾಗಂತಲೇ ಬರೆಯಿರಿ. ರಿಫ್ಲೆಕ್ಸ್ ಎಷ್ಟಿದೆ ಅಂತ ಅಂಕದಲ್ಲಿ ಬರೆಯುತ್ತಾರೆ: 0 ಅಂದರೆ ಏನೂ ಇಲ್ಲ, 2+ ಮಾಮೂಲು, 4+ ಅಂದರೆ ತುಂಬಾ ಜಾಸ್ತಿ, ಸಾಮಾನ್ಯವಾಗಿ ಕ್ಲೋನಸ್ (ಸ್ನಾಯು ಒಂದೇ ಲಯದಲ್ಲಿ ಮತ್ತೆ ಮತ್ತೆ ಅದುರುವುದು) ಜೊತೆಗೆ.

ಎರಡೂ ಕಾಲಲ್ಲಿ ಒಂದೇ ಸಮ ಕಡಿಮೆ ಇದ್ದರೆ ಅವರಿಗೆ ಅದೇ ಸಹಜ ಇರಬಹುದು, ನೋಡದೆ ಖಚಿತವಾಗಿ ಹೇಳೋಕಾಗಲ್ಲ. ಒಂದೇ ಕಾಲಲ್ಲಿ ಇಲ್ಲ ಅಂದರೆ ಮಾತ್ರ ಸುಮ್ನೆ ಬಿಡಬೇಡಿ. ಬೆನ್ನುಹುರಿಯಿಂದ ಹೊರಡುವ ಸೊಂಟದ ಮೂರನೇ, ನಾಲ್ಕನೇ (ಎಲ್3, ಎಲ್4) ನರಬೇರುಗಳ ತೊಂದರೆ ಇರಬಹುದು. ಮಂಡಿ ಚಾಚುವ ಬಲ, ಕೆಳಗಾಲಿನ ಒಳಮಗ್ಗುಲಿನ ಸ್ಪರ್ಶ ಎರಡನ್ನೂ ಇನ್ನೊಂದು ಕಾಲಿನ ಜೊತೆ ಹೋಲಿಸಿ ಬರೆದುಕೊಂಡು ಟ್ಯೂಟರ್‌ಗೆ ತೋರಿಸಿ.