ಸಾಲಿ ಬಿಟ್ಟ ಮೇಲಿನ ಎರಡು ತಾಸು

ಪ್ರಶ್ನೆ: ನಮ್ಮದು ಗುಳೇದಗುಡ್ಡದ ಹತ್ತಿರದ ಹಳ್ಳಿ. ಬಹಳ ಮನೆಗಳಲ್ಲಿ ತಂದೆ-ತಾಯಿ ಇಬ್ಬರೂ ಮಗ್ಗದ ಮೇಲೆ, ಇಲ್ಲಾ ಹೊಲದಾಗ. ಸಾಲಿ ಬಿಟ್ಟ ಮಕ್ಕಳು ದೀಪ ಹಚ್ಚೋ ತನಕ ಓಣಿಯಲ್ಲೇ ಇರುತ್ತವೆ. ಒಂದರಿಂದ ಐದನೇ ಇಯತ್ತೆಯ 30 ಮಕ್ಕಳಿಗೆ ಸಮುದಾಯ ಭವನದಲ್ಲಿ ಸಂಜೆ ಹೊತ್ತು ಏನಾದರೂ ನಡೆಸಬೇಕೆಂದು ನಮ್ಮ ಸ್ವಸಹಾಯ ಸಂಘದವರು ನಿರ್ಧರಿಸಿದ್ದೇವೆ. ಪಿಯುಸಿ ಮುಗಿಸಿದ ಮೂವರು ಹೆಣ್ಣುಮಕ್ಕಳು ಕಲಿಸಲು ತಯಾರಿದ್ದಾರೆ. ಹೋಂವರ್ಕ್ ಮಾಡಿಸಿದರೆ ಸಾಕೇ?

ಉತ್ತರ: ಹೋಂವರ್ಕ್‌ನಿಂದ ಶುರು ಮಾಡಿದರೆ ತಿಂಗಳೊಪ್ಪತ್ತಿನಲ್ಲಿ ಅರ್ಧ ಮಕ್ಕಳು ಕಾಣೆಯಾಗುತ್ತಾರೆ. ಬಿಸಿಯೂಟ ಉಂಡು ಮೂರು ತಾಸು ಆಗಿರುತ್ತದೆ, ಮುಂಜಾನೆಯಿಂದ ಕೂತು ಕಾಲು ಜೋಮು ಹಿಡಿದಿರುತ್ತವೆ. ಅದಕ್ಕೇ ಮೊದಲು ತಿನಿಸು, ಆಮೇಲೆ ಆಟ, ಕೊನೆಗೆ ಓದು. 4.40ಕ್ಕೆ ಕೈಕಾಲು ಮುಖ ತೊಳೆದು ಹದಿನೈದು ನಿಮಿಷ ತಿನ್ನಲಿ, ಅರ್ಧ ತಾಸು ಆಡಲಿ. ನಂತರ ಐವತ್ತು ನಿಮಿಷ ಓದು-ಲೆಕ್ಕ, ಕಡೆಯ ಹತ್ತು ನಿಮಿಷ ದೊಡ್ಡವರೊಬ್ಬರು ಕತೆ ಓದಿ ಹೇಳಲಿ. ಜೂನ್‌ನಲ್ಲಿ ಏಳರವರೆಗೆ ಬೆಳಕಿರುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ಆರಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ. ಚಳಿಗಾಲದಲ್ಲಿ ಕಾಲು ತಾಸು ಮೊಟಕು ಮಾಡಿ, ಆದರೆ ಆಟದಿಂದ ಕತ್ತರಿಸಬೇಡಿ. ಮೊದಲ ತಿಂಗಳು ವಾರಕ್ಕೆ ಮೂರೇ ದಿನ ನಡೆಸಿ. ಆರೂ ದಿನ ಎಂದು ಹೊರಟವರು ಮೊದಲ ಹಬ್ಬಕ್ಕೇ ದಣಿಯುತ್ತಾರೆ.

ತಿನಿಸಿಗೆ ಮಗುವಿಗೆ 30 ಗ್ರಾಂ ಒಣ ಕಾಳಿನ ಲೆಕ್ಕ ಹಿಡಿಯಿರಿ: 30 ಮಕ್ಕಳಿಗೆ 900 ಗ್ರಾಂ ಮಡಕಿ ಅಥವಾ ಹೆಸರುಕಾಳು. ಮುಂಜಾನೆ ನೆನೆಹಾಕಿ ಸಂಜೆ ಬೇಯಿಸಿ ಉಸಳಿ ಮಾಡಿ. ಏಪ್ರಿಲ್ ಬಿಸಿಲಿನಲ್ಲಿ ಮೊಳಕೆ ಕಟ್ಟಲು ಹೋಗಬೇಡಿ, ಬಟ್ಟೆಯೊಳಗೇ ಹಳಸಿ ವಾಸನೆ ಬರುತ್ತದೆ. ಬೇಯಿಸಲು ಆಗದ ದಿನ ಅರ್ಧ ಕಿಲೋ ಚುರುಮುರಿ, 300 ಗ್ರಾಂ ಪುಟಾಣಿ, 300 ಗ್ರಾಂ ಹುರಿದ ಶೇಂಗಾ, ಮೇಲೆ ಒಂದೊಂದು ತುಂಡು ಬೆಲ್ಲ. ಶೇಂಗಾ ಬಾಯಲ್ಲಿಟ್ಟುಕೊಂಡು ಓಡಬಾರದು, ಗಂಟಲಿಗೆ ಸಿಗುತ್ತದೆ. ಶೇಂಗಾ ಒಗ್ಗದ ಮಕ್ಕಳಿದ್ದಾರೆಯೇ ಎಂದು ಮನೆಯವರನ್ನು ಮೊದಲೇ ಕೇಳಿಕೊಳ್ಳಿ.

ಆಟದಲ್ಲಿ ಚಿಕ್ಕವರು, ದೊಡ್ಡವರು ಬೇರೆ ಬೇರೆ. ಐದನೆಯವರ ಕಬಡ್ಡಿಯಲ್ಲಿ ಒಂದನೆಯವರು ಸೇರಿದರೆ ಬಿದ್ದು ಅಳುವುದು ಖಾತ್ರಿ. ದೊಡ್ಡವರಿಗೆ ಖೋಖೋ, ಲಗೋರಿ (ಚೆಂಡು ಬಟ್ಟೆಯದಿರಲಿ), ಚಿಕ್ಕವರಿಗೆ ಕುಂಟಾಬಿಲ್ಲೆ. ಮಳೆ ಬಂದರೆ ಭವನದ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಚೌಕಾಬಾರ ಬರೆಯಿರಿ. ನಾಲ್ಕು ಹುಣಸೆ ಬೀಜ ಒಂದು ಬದಿ ಕಲ್ಲಿಗೆ ತಿಕ್ಕಿ ಬಿಳಿ ಮಾಡಿದರೆ ಕವಡೆ ಬೇಕಿಲ್ಲ. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಎಣಿಸಿ ಮನೆ ನಡೆಸುವಾಗ ಕೂಡುವ ಲೆಕ್ಕ ತಾನಾಗಿ ಆಗುತ್ತದೆ.

ಇನ್ನು ಓದು. ಇಲ್ಲಿ ಇಯತ್ತೆ ನೋಡಿ ಕೂಡಿಸುವುದೇ ಎಲ್ಲರೂ ಮಾಡುವ ತಪ್ಪು. ನಾಲ್ಕನೆಯಲ್ಲಿದ್ದೂ ಒತ್ತಕ್ಷರ ಬಂದಲ್ಲಿ ನಿಂತುಬಿಡುವ ಮಗು ಇರುತ್ತದೆ, ಎರಡನೆಯಲ್ಲಿದ್ದೂ ಸರಾಗ ಓದುವ ಮಗುವೂ ಇರುತ್ತದೆ. ಮೊದಲ ದಿನ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಬೇರೆಯವರಿಗೆ ಕೇಳಿಸದಂತೆ, ಒಂದೇ ಹಾಳೆಯಲ್ಲಿ ಐದು ಅಕ್ಷರ, ಐದು ಪದ, ನಾಲ್ಕು ಸಾಲು, ಎಂಟು-ಹತ್ತು ಸಾಲಿನ ಕತೆ ಓದಿಸಿ. ಐದರಲ್ಲಿ ನಾಲ್ಕು ಸರಿ ಬಂದರೆ ಮುಂದಿನದಕ್ಕೆ. ಮಗುವಿಗೆ ಮೂರು ನಿಮಿಷ ಸಾಕು, ಮೂವರೂ ಹಂಚಿಕೊಂಡರೆ ಅರ್ಧ ತಾಸಿನ ಕೆಲಸ. ಅಕ್ಷರ ಗೊತ್ತಿಲ್ಲದವರು, ಅಕ್ಷರ ಗೊತ್ತಿದ್ದು ಪದಕ್ಕೆ ತಡವರಿಸುವವರು, ಓದಬಲ್ಲವರು ಎಂದು ಮೂರು ಗುಂಪು ಮಾಡಿ. ಗುಂಪಿಗೆ ಗುಬ್ಬಿ, ಗಿಳಿ, ನವಿಲು ಎನ್ನಿ. ‘ದಡ್ಡರ ಗುಂಪು’ ಎಂಬ ಮಾತು ಒಮ್ಮೆ ಹುಟ್ಟಿದರೆ ಆ ಮಕ್ಕಳು ಮತ್ತೆ ಬರುವುದಿಲ್ಲ. ಆರು ವಾರಕ್ಕೊಮ್ಮೆ ಮತ್ತೆ ಓದಿಸಿ ಗುಂಪು ಬದಲಿಸಿ. ಮೊದಲ ಗುಂಪಿಗೆ ಒಂದೇ ರೂಪ ಕಾಣುವ ಬ-ಭ, ವ-ಮ, ಪ-ಷ, ದ-ಧ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಲೆಕ್ಕದಲ್ಲಿ ಮಕ್ಕಳು ಎಡವುವುದು ಸಾಲ ತೆಗೆದು ಕಳೆಯುವಲ್ಲಿ. 52ರಲ್ಲಿ 27 ಕಳೆ ಎಂದರೆ 35 ಎಂದು ಬರೆದಿರುತ್ತಾರೆ. ಏಕೆಂದರೆ 2ರಲ್ಲಿ 7 ಹೋಗದು, ಹಾಗಾಗಿ 7ರಲ್ಲೇ 2 ಕಳೆದುಬಿಡುತ್ತಾರೆ. ಬಾಯಿಮಾತಿನ ವಿವರಣೆಯಿಂದ ಇದು ಹೋಗುವುದಿಲ್ಲ. ಕಸಬರಿಗೆ ಕಡ್ಡಿಯನ್ನು ಬೆರಳುದ್ದ ಮುರಿದು ಹತ್ತತ್ತರ ಕಟ್ಟು ಕಟ್ಟಿ. ಐದು ಕಟ್ಟು, ಎರಡು ಬಿಡಿ. ಏಳು ಬಿಡಿ ಕೊಡಬೇಕಾದಾಗ ಮಗುವೇ ಒಂದು ಕಟ್ಟು ಬಿಚ್ಚುತ್ತದೆ. ಗುಂಪಿಗೆ ಇಂಥ ನೂರು ಕಡ್ಡಿ, ಇಪ್ಪತ್ತು ರಬ್ಬರ್ ಬ್ಯಾಂಡ್ ಸಾಕು. ಅದೇ ವಾರ 40ರಲ್ಲಿ 16 ಕೊಟ್ಟು ನೋಡಿ, ಸೊನ್ನೆ ಇದ್ದಾಗಲೂ ಕಟ್ಟು ಬಿಚ್ಚಿದರೆ ಅರ್ಥವಾಗಿದೆ ಎಂದೇ ಲೆಕ್ಕ.

ಒಂದು ಮಾತಿನಲ್ಲಿ ರಾಜಿ ಬೇಡ: ಭವನದಲ್ಲಿ ಯಾವ ಹೊತ್ತಿಗೂ ದೊಡ್ಡವರು ಇಬ್ಬರಿಗಿಂತ ಕಡಿಮೆ ಇರಬಾರದು. ಮೂವರಲ್ಲಿ ಒಬ್ಬಳಿಗೆ ಪರೀಕ್ಷೆ, ಇನ್ನೊಬ್ಬಳಿಗೆ ಜ್ವರ ಎಂದರೆ ಸಂಘದ ಒಬ್ಬರು ಬಂದು ಕೂರಬೇಕು, ಸರದಿ ಪಟ್ಟಿ ಮೊದಲೇ ಬರೆದಿಡಿ. ಬಂದದ್ದು, ಹೋದದ್ದು, ಯಾರ ಜೊತೆ ಹೋದದ್ದು ಎಂಬುದು ದಿನದ ವಹಿಯಲ್ಲಿರಲಿ. ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ದೊಡ್ಡದಾಗಿ ಬರೆಯಿಸಿ. ಭವನಕ್ಕೆ ಪಂಚಾಯಿತಿಯಿಂದ ಬರವಣಿಗೆಯಲ್ಲಿ ಅನುಮತಿ ತೆಗೆದುಕೊಳ್ಳಿ. ಲಗ್ನದ ಸೀಜನ್‌ನಲ್ಲಿ ಬೀಗದ ಕೈ ಸಿಗದು, ಆಗ ಎಲ್ಲಿ ಕೂರುವುದೆಂದು ಈಗಲೇ ಎಸ್‌ಡಿಎಂಸಿಯವರನ್ನು (ಶಾಲಾ ಅಭಿವೃದ್ಧಿ ಸಮಿತಿ) ಕೇಳಿ ಸಾಲಿಯದೇ ಒಂದು ಕೋಣೆ ಗೊತ್ತುಮಾಡಿಕೊಳ್ಳಿ. ಕತೆ ಪುಸ್ತಕಕ್ಕೆ ದುಡ್ಡು ಹಾಕುವ ಮುನ್ನ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ವಿಚಾರಿಸಿ.

ಪ್ರಶ್ನೆ: ಬೆಳಗಾವಿಯ ನಮ್ಮ ಗಲ್ಲಿಯ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮನೆಯಲ್ಲಿ ಮರಾಠಿ ಮಾತಾಡುತ್ತವೆ. ಕನ್ನಡ ಶಾಲೆಯವರು, ಮರಾಠಿ ಶಾಲೆಯವರು ಒಟ್ಟಿಗೆ ಬರುತ್ತಾರೆ. ಹೇಗೆ ಕೂಡಿಸಬೇಕು?

ಉತ್ತರ: ಆಟ, ತಿನಿಸು, ಕತೆ ಒಟ್ಟಿಗೆ, ಅಕ್ಷರ ಕಲಿಕೆ ಬೇರೆ. ಒಂದು ಕನ್ನಡ ಲಿಪಿ, ಇನ್ನೊಂದು ಬಾಳಬೋಧ (ಮರಾಠಿ ಬರೆಯುವ ದೇವನಾಗರಿ ಲಿಪಿ), ಎರಡನ್ನೂ ಒಂದೇ ಹಲಗೆಯ ಮೇಲೆ ಬೆರೆಸಿದರೆ ಎರಡೂ ಅರೆಬರೆ. ಕತೆಯನ್ನು ಒಂದು ದಿನ ಕನ್ನಡದಲ್ಲಿ, ಮರುದಿನ ಅದನ್ನೇ ಮರಾಠಿಯಲ್ಲಿ ಹೇಳಿ. ಲೆಕ್ಕದಲ್ಲಿ ಮಾತ್ರ ಒಂದು ಎಚ್ಚರ. ಕನ್ನಡದಲ್ಲಿ ಹತ್ತು ಮೊದಲು, ಬಿಡಿ ಆಮೇಲೆ: ಇಪ್ಪತ್ತು-ಐದು. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು ಕೇಳುತ್ತದೆ, ಹಾಗಾಗಿ ಮಗು 25ಕ್ಕೆ 52 ಬರೆಯುವುದುಂಟು. 29ಕ್ಕೆ ‘ಏಕೋಣತೀಸ’, ಅಂದರೆ ಮೂವತ್ತಕ್ಕೆ ಒಂದು ಕಮ್ಮಿ; ಅಲ್ಲಿ ಇನ್ನೂ ಗೊಂದಲ. ಇದನ್ನು ತಪ್ಪೆಂದು ಗದರಿಸದೆ ಕಡ್ಡಿಕಟ್ಟು ಮುಂದಿಟ್ಟು, ಕಟ್ಟು ಎಡಕ್ಕೆ, ಬಿಡಿ ಬಲಕ್ಕೆ ಇಡಿಸಿ ಬರೆಯಿಸಿ.

ಪ್ರಶ್ನೆ: ವಿಜಯಪುರ ಜಿಲ್ಲೆಯ ನಮ್ಮ ತಾಂಡಾದಿಂದ ಹಲವು ಕುಟುಂಬ ಕಬ್ಬು ಕಡಿಯಲು ಮಕ್ಕಳನ್ನೂ ಕರೆದುಕೊಂಡು ಹೋಗುತ್ತವೆ. ತಿಂಗಳುಗಟ್ಟಲೆ ಆದ ಮೇಲೆ ವಾಪಸ್ ಬಂದ ಮಕ್ಕಳನ್ನು ಹೇಗೆ ಸೇರಿಸಿಕೊಳ್ಳುವುದು?

ಉತ್ತರ: ಹೋಗುವ ಮುನ್ನ ಮಗುವಿನ ಓದಿನ ಹಂತ ಬರೆದ ಚೀಟಿ, ಎರಡು ಕತೆ ಪುಸ್ತಕ, ಪಾಟಿ, ಬಳಪ ಕೈಗೆ ಕೊಡಿ. ಅಜ್ಜ-ಅಜ್ಜಿ ಊರಲ್ಲೇ ಇದ್ದರೆ ಮಗುವನ್ನು ಅವರ ಹತ್ತಿರ ಬಿಡಲು ಸಾಧ್ಯವೇ ಎಂದು ಮನೆಗೆ ಹೋಗಿ ಮಾತಾಡಿ. ಸಂಜೆಯ ತಿನಿಸು, ಓದು ನಿಮ್ಮಲ್ಲಿದೆ ಎಂಬುದೇ ಕೆಲವರಿಗೆ ಧೈರ್ಯ ಕೊಡುತ್ತದೆ. ವಾಪಸ್ ಬಂದ ದಿನ ಹಳೆಯ ಗುಂಪಿಗೆ ಕಳಿಸಬೇಡಿ, ಮತ್ತೆ ಓದಿಸಿ ನೋಡಿಯೇ ಕೂಡಿಸಿ. ಟಿಸಿ ತಡವಾಯಿತೆಂದು ಯಾವ ಸರ್ಕಾರಿ, ಅನುದಾನಿತ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಹೋದ ಊರಲ್ಲಿ ಶಾಲೆಗೆ ಸೇರಿಸುವಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಪಾಲಕರಿಗೆ ಗಾಡಿ ಹತ್ತುವ ಮುಂಚೆಯೇ ತಿಳಿಸಿ.