ಮೊದಲ ಸಲ ಥೆರಪಿಗೆ ಹೋದರೆ ಏನೇನು ಕೇಳುತ್ತಾರೆ? ಎಲ್ಲವನ್ನೂ ಹೇಳಲೇಬೇಕಾ?

ಮುಂದಿನ ವಾರ ನಿಮ್ಮ ಮೊದಲ ಥೆರಪಿ, ಎಲ್ಲವನ್ನೂ ಹೇಳಲೇಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ಮೊದಲ ದಿನವಂತೂ ಖಂಡಿತ ಬೇಕಿಲ್ಲ. "ಆ ವಿಷಯ ಈಗ ಬೇಡ" ಅಂದರೆ ಸಾಕು, ಒಳ್ಳೆಯವರು ಅಲ್ಲಿಗೇ ಬಿಡುತ್ತಾರೆ. ನಾನು ಆತಂಕ ಜಾಸ್ತಿಯಾಗಿ ಬೆಂಗಳೂರಿನಲ್ಲಿ ಒಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗುತ್ತಿದ್ದೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಮೊದಲ ಭೇಟಿ ಹೆಚ್ಚುಕಡಿಮೆ ವಿಚಾರಿಸುವುದರಲ್ಲೇ ಮುಗಿಯುತ್ತದೆ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಈ ತೊಂದರೆ ಯಾವಾಗಿನಿಂದ, ಮನೆಯಲ್ಲಿ ಯಾರ್ಯಾರಿದ್ದಾರೆ, ಅವರಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ, ಥೈರಾಯ್ಡ್ ಇದೆಯಾ, ಕುಡಿಯುವ ಅಭ್ಯಾಸ ಇದೆಯಾ. ಸಾಯಬೇಕು ಅಂತ ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳುತ್ತಾರೆ. ಗಾಬರಿ ಬೇಡ, ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಆದರೆ ಅನ್ನಿಸಿದ್ದರೆ ಇದೊಂದನ್ನು ಮಾತ್ರ ಮುಚ್ಚಿಡಬೇಡಿ. ಕೆಲವರು ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆ ಎಷ್ಟಿದೆ ಅಂತ ನೋಡುವ ಫಾರ್ಮ್ ಕೊಡುತ್ತಾರೆ. ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಇಲ್ಲಿ ಪಾಸು ಫೇಲು ಇಲ್ಲ. ಕೆಲವು ವಾರ ಬಿಟ್ಟು ಮತ್ತೆ ತುಂಬಿಸಿ, ಏನಾದರೂ ಬದಲಾಗಿದೆಯಾ ಅಂತ ನೋಡುತ್ತಾರೆ.

ಸಾಮಾನ್ಯವಾಗಿ 45ರಿಂದ 60 ನಿಮಿಷ ಆಗುತ್ತದೆ. ಅಳು ಬರಬಹುದು, ಬರದೆಯೂ ಇರಬಹುದು. ಹೊರಗೆ ಬಂದಾಗ ಸುಸ್ತು ಅನ್ನಿಸುತ್ತದೆ, ಆ ದಿನ ತಕ್ಷಣ ಆಫೀಸಿನ ಮೀಟಿಂಗ್ ಇಟ್ಟುಕೊಳ್ಳಬೇಡಿ.

ಗುಟ್ಟಿನ ವಿಷಯ. ನೀವು ಹೇಳಿದ್ದನ್ನು ಅವರು ಮನೆಯವರಿಗೋ ಆಫೀಸಿಗೋ ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಈ ಹಕ್ಕು ಇದೆ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಮಾತು ಬೇರೆ. "ಯಾವುದನ್ನು ಯಾರಿಗೆ ಹೇಳುತ್ತೀರಿ?" ಅಂತ ಮೊದಲ ದಿನವೇ ಕೇಳಿಬಿಡಿ.

ಇನ್ನು ಮಾತ್ರೆ. ಅದನ್ನು ಬರೆದುಕೊಡುವವರು ಸೈಕಿಯಾಟ್ರಿಸ್ಟ್. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ. ಕೆಲವರಿಗೆ ಎರಡೂ ಬೇಕಾಗುತ್ತದೆ. ಕೌನ್ಸೆಲರ್ ಅಂತ ಬೋರ್ಡ್ ಹಾಕಿದವರೆಲ್ಲ ಸರಿಯಾಗಿ ಕಲಿತವರೇ ಅಲ್ಲ. ಏನು ಓದಿದ್ದೀರಿ ಅಂತ, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ನನಗೆ ಕೊಟ್ಟದ್ದು ಸಿಬಿಟಿ, ಅಂದರೆ ನಮ್ಮ ಯೋಚನೆ, ನಡವಳಿಕೆಗಳನ್ನು ಪರೀಕ್ಷಿಸಿ ಬದಲಿಸಿಕೊಳ್ಳುವ ಮಾತಿನ ಚಿಕಿತ್ಸೆ. ಅದರಲ್ಲಿ ಶಾಲೆಯ ಹಾಗೆ ಹೋಂವರ್ಕ್ ಇರುತ್ತದೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯಬೇಕಿತ್ತು. ಏನಾಯಿತು: ಮ್ಯಾನೇಜರ್ "ಸ್ವಲ್ಪ ಮಾತಾಡಬೇಕು" ಅಂತ ಮೆಸೇಜ್ ಹಾಕಿದರು. ಆಗ ಬಂದ ಯೋಚನೆ: ಕೆಲಸ ಹೋಯಿತು. ಭಯ: ನೂರಕ್ಕೆ ತೊಂಬತ್ತು. ಹಾಗೆ ಅನ್ನಲು ಆಧಾರ: ಏನೂ ಇಲ್ಲ, ಹೋದ ತಿಂಗಳೂ ಹೀಗೇ ಕರೆದು ರಜೆಯ ಬಗ್ಗೆ ಕೇಳಿದ್ದರು. ಈಗ ಭಯ ಎಷ್ಟು: ಐವತ್ತು. ಸೊನ್ನೆಗೆ ಇಳಿಯಲಿಲ್ಲ ನೋಡಿ, ಆದರೆ ಐವತ್ತಕ್ಕೆ ಕೈಕಾಲು ನಡುಗುವುದಿಲ್ಲ. ಇಂಥದ್ದನ್ನು ವಾರಗಟ್ಟಲೆ ಮಾಡಬೇಕು. "ಗಂಡನನ್ನು ಬಿಡು", "ಕೆಲಸ ಬಿಡು" ಅಂತ ಅವರು ತೀರ್ಪು ಕೊಡುತ್ತಾರೆ ಅಂದುಕೊಂಡಿದ್ದರೆ, ಹಾಗೆ ಕೊಡುವುದಿಲ್ಲ.

ನಾನು ಒತ್ತಿ ಹೇಳಬೇಕಾದ್ದು ಬೇರೆಯೇ ಇದೆ. ನಮ್ಮಲ್ಲಿ ಡಾಕ್ಟರ್ ಎದುರು ಕೂತರೆ "ಪರವಾಗಿಲ್ಲ ಮೇಡಂ, ಈಗ ಸುಮಾರು" ಅಂತ ಬಾಯಿಗೆ ತಾನಾಗಿ ಬರುತ್ತದೆ, ಅಲ್ವಾ? ಥೆರಪಿಯಲ್ಲಿ ಅದರಿಂದ ನಷ್ಟ ನಿಮಗೇ. ನಿಮ್ಮ ಹಳೆಯ ಕಥೆಗಳನ್ನು ನಿಧಾನವಾಗಿ ಹೇಳಿ, ಆದರೆ ಥೆರಪಿ ಹೇಗೆ ನಡೆಯುತ್ತಿದೆ ಅನ್ನುವುದನ್ನು ಅವತ್ತವತ್ತೇ ಹೇಳಿ. "ಹೋದ ವಾರ ನೀವು ಅಂದದ್ದು ನೋವಾಯಿತು", "ಈ ಅಭ್ಯಾಸ ನನಗೆ ಆಗುತ್ತಿಲ್ಲ", "ಇಂಗ್ಲಿಷ್ ಬೇಡ, ಕನ್ನಡದಲ್ಲೇ ಮಾತಾಡೋಣ". ರಾತ್ರಿ ಬರೆಯಲು ಕೂತರೆ ನನ್ನ ನಿದ್ದೆಯೇ ಹಾರಿಹೋಗುತ್ತದೆ ಅಂದಾಗ, ಅವರು ಅದನ್ನು ಸಂಜೆಗೆ ಬದಲಾಯಿಸಿದರು, ಅಷ್ಟೇ. ಹೀಗೆ ಹೇಳಿದಾಗ ಅವರು ಸಿಟ್ಟಾದರೆ, ಅಥವಾ ಕೆಲವು ಭೇಟಿ ಆದ ಮೇಲೂ ಮನಸ್ಸು ಕೂಡದಿದ್ದರೆ ಬೇರೆಯವರನ್ನು ಹುಡುಕಿ. ಇದಕ್ಕೆ ಸಂಕೋಚ ಬೇಡ.

ನಡುವೆ ಕೆಲವು ವಾರ ಮೊದಲಿಗಿಂತ ಭಾರ ಅನ್ನಿಸಬಹುದು. ಅದನ್ನೂ ಅವರಿಗೇ ಹೇಳಿ. ಮುಂದಿನ ವಾರದವರೆಗೆ ತಡೆಯಲು ಆಗದಷ್ಟು ಕಷ್ಟವಾದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.