‘ತಲೆ ಇದೆ, ಆದ್ರೆ ಸೋಮಾರಿ’

ಸಲಹೆಗೆಂದು ನನ್ನ ಬಳಿ ಕರೆತಂದ ಎಂಟನೇ ತರಗತಿಯ ಹುಡುಗಿ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಐದನೆಯವರೆಗೆ ತರಗತಿಗೇ ಮೊದಲು, ಈಗ ಗಣಿತದಲ್ಲಿ 35 ದಾಟುವುದೇ ಕಷ್ಟ. ಉತ್ತರಪತ್ರಿಕೆ ತರಿಸಿ ನೋಡಿದೆ. ಎಲ್ಲಕ್ಕಿಂತ ಕಠಿಣವಾದ ಲೆಕ್ಕ ಸರಿಯಾಗಿತ್ತು, ಅದೂ ಅವಳದೇ ದಾರಿಯಲ್ಲಿ. ಸುಲಭದ ಲೆಕ್ಕಗಳಲ್ಲಿ ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು. ಪ್ರಶ್ನೆಪತ್ರಿಕೆಯ ಕೊನೆಯ ಪುಟ ಅವಳು ತಿರುವಿಯೇ ಇರಲಿಲ್ಲ.

“ತಲೆ ಇದೆ ಮೇಡಂ, ಆದ್ರೆ ಸೋಮಾರಿ. ನಕ್ಷತ್ರದ ಪುಸ್ತಕ ಹಿಡಿದ್ರೆ ಊಟದ ನೆನಪೂ ಇರಲ್ಲ. ಆಗ ಗಮನ ಎಲ್ಲಿಂದ ಬರುತ್ತೆ?” ಅಂದರು ಅಮ್ಮ. ಆಮೇಲೆ ಒಬ್ಬಳೇ ಕೂತಾಗ ಹುಡುಗಿ ಹೇಳಿದಳು: “ನಾನು ಸೋಮಾರೀನೇ ಇರ್ಬೇಕು ಮೇಡಂ.” ಅಂಕಗಳಿಗಿಂತ ನನಗೆ ಆತಂಕವಾದದ್ದು ಈ ಮಾತಿನಿಂದ.

ಅಮ್ಮನ ಪ್ರಶ್ನೆ ನ್ಯಾಯವಾದದ್ದೇ. ಆದರೆ ನನಗೆ ಅನುಮಾನ ಬಂದದ್ದು ಎಡಿಎಚ್‌ಡಿ ಇರಬಹುದೆಂದು; ಗಮನ, ಚಟುವಟಿಕೆಗಳ ಮೇಲೆ ಹಿಡಿತ ಸಿಗದಂತೆ ಮಾಡುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ ಅದು. ಅದು ಇರುವವರಲ್ಲಿ ಗಮನ ಇಲ್ಲವೆಂದಲ್ಲ. ಬೇಕಾದ ಕಡೆ ಅದನ್ನು ತಿರುಗಿಸಿ ನಿಲ್ಲಿಸುವ ಹಿಡಿತ ಸಾಲದು. ಇಷ್ಟವಾದದ್ದಕ್ಕೆ ಅದು ತಾನಾಗಿ ಅಂಟಿಕೊಳ್ಳುತ್ತದೆ. ಚುರುಕು ಮಕ್ಕಳು ಸಣ್ಣ ತರಗತಿಗಳನ್ನು ಒಮ್ಮೆ ಕೇಳಿದ್ದರಲ್ಲೇ ದಾಟಿಬಿಡುತ್ತಾರೆ. ನೋಟ್ಸು, ಪ್ರಾಜೆಕ್ಟು, ಉದ್ದುದ್ದ ಉತ್ತರ ಶುರುವಾದಾಗ ಆ ಬುದ್ಧಿಯೊಂದೇ ಸಾಲುವುದಿಲ್ಲ. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿಯರಂತೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಬುದ್ಧಿಮಾಪನದಲ್ಲಿ ಅವಳ ಭಾಷಾ ತರ್ಕದ ಅಂಕ ಬಹಳ ಮೇಲಿತ್ತು. ಕೇಳಿದ್ದನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ, ಬರೆಯುವ ವೇಗ ತೀರ ಕೆಳಗೆ. ಇಷ್ಟರಿಂದಲೇ ನಿರ್ಧರಿಸಲಾಗದು. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದವೇ, ಮನೆ ಮತ್ತು ಶಾಲೆ ಎರಡೂ ಕಡೆ ಕಾಣುತ್ತವೆಯೇ, ಆರು ತಿಂಗಳಿಗೂ ಹೆಚ್ಚು ಕಾಲದಿಂದ ಇವೆಯೇ, ನಿದ್ದೆ, ದೃಷ್ಟಿ, ಆತಂಕದ ತೊಂದರೆ ಏನಾದರೂ ಇದೆಯೇ ಎಂದೆಲ್ಲ ವಿಚಾರಿಸಿದ ಮೇಲೆ ಮಕ್ಕಳ ಮನೋವೈದ್ಯರು ಎಡಿಎಚ್‌ಡಿ ಎಂದು ಖಚಿತಪಡಿಸಿದರು.

ತಂದೆತಾಯಿಗೆ ಮೊದಲು ಹೇಳಿದ್ದು: ‘ಸೋಮಾರಿ’ ಅನ್ನುವುದನ್ನು ಇವತ್ತೇ ನಿಲ್ಲಿಸಿ. ಶಿಕ್ಷೆಯೆಂದು ನಕ್ಷತ್ರದ ಪುಸ್ತಕ ಕಿತ್ತುಕೊಳ್ಳಬೇಡಿ. ಓದು 15–20 ನಿಮಿಷದ ತುಂಡುಗಳಾಗಿರಲಿ, ನಡುವೆ ಎದ್ದು ಓಡಾಡಲಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಅದನ್ನೂ ಬರೆದು ಅಂಟಿಸಿ. ಶಾಲೆಗೆ ಪತ್ರ ಕೊಟ್ಟೆ: ಮುಂದಿನ ಬೆಂಚು ಕೊಡಿ, ಒಂದೇ ಬಗೆಯ 20 ಲೆಕ್ಕದ ಬದಲು ಐದು ಸಾಕು, ಜೊತೆಗೊಂದು ಕಠಿಣ ಲೆಕ್ಕವಿರಲಿ, ಪರೀಕ್ಷೆಯಲ್ಲಿ ಪುಟ ತಿರುವಲು ನೆನಪಿಸಿ. ಮಾತ್ರೆ ಬೇಕೋ ಬೇಡವೋ ಎನ್ನುವುದು ಮನೋವೈದ್ಯರ ನಿರ್ಧಾರ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಕೊಟ್ಟರೆ ಹಸಿವು, ನಿದ್ದೆ ಕಡಿಮೆಯಾಗಬಹುದು. ತೂಕ, ಎತ್ತರ, ರಕ್ತದೊತ್ತಡ ನೋಡುತ್ತಿರಬೇಕು. ಜ್ಞಾಪಕಶಕ್ತಿಯ ಟಾನಿಕ್ಕಿಗೆ ದುಡ್ಡು ಸುರಿಯಬೇಡಿ ಎಂದೂ ಹೇಳಿದೆ.

ಎರಡನೇ ಟ್ಯೂಷನ್ ಬಿಡಿಸಲು ಅಪ್ಪ ಇನ್ನೂ ಒಪ್ಪಿಲ್ಲ. ಮುಂದಿನ ಭೇಟಿಗೆ ಅವರೊಬ್ಬರನ್ನೇ ಬರಹೇಳಿದ್ದೇನೆ.